ಕೇರಂ ಆಡಿ ಬದುಕು ಕಟ್ಟಿಕೊಳ್ಳಬಹುದಾ?

ಕೆಂಪು ಪಾನ್:
2024ರ ನವೆಂಬರಿನಲ್ಲಿ ಅಮೆರಿಕದಲ್ಲಿ ನಡೆದ ಕೇರಂ ವಿಶ್ವಕಪ್‌ನಲ್ಲಿ ಚೆನ್ನೈನ ಖಾಜಿಮಾ ಮೂರು ಚಿನ್ನ ಗೆದ್ದರು. ಸಿಂಗಲ್ಸ್, ಡಬಲ್ಸ್, ಟೀಮ್ ಮೂರರಲ್ಲೂ. ಆಗ ಆಕೆಗೆ 17 ವರ್ಷ. ಅಪ್ಪ ಆಟೋ ಓಡಿಸುತ್ತಾರೆ, ಬಡಾವಣೆಯ ಮಕ್ಕಳಿಗೆ ಕೇರಂ ಹೇಳಿಕೊಡುವವರೂ ಅವರೇ. ಆಮೇಲೆ ತಮಿಳುನಾಡು ಸರ್ಕಾರ 1 ಕೋಟಿ ರೂಪಾಯಿ ಬಹುಮಾನ ಕೊಟ್ಟಿತು. ಇದನ್ನು ನೋಡಿ ಒಂದು ಮಗುವನ್ನು ಕೇರಂಗೆ ಬಿಡಬಹುದಾ? ಬಿಡಬಹುದು ಅಂತ ನನಗನ್ನಿಸುತ್ತದೆ. ನೀವೇನಂತೀರಿ?

ಲೆಕ್ಕದ ಮೇಷ್ಟ್ರು:
ಹುಡುಗಿ ಮೇಲೆ ತುಂಬಾ ಗೌರವ ಇದೆ. ಆದರೆ ಕೋಟಿ ಬಂದಿದ್ದು ಗೆದ್ದ ಮೇಲೆ. ಗೆಲ್ಲುವ ತನಕ ಬಸ್ ಚಾರ್ಜು, ಎಂಟ್ರಿ ಫೀಸು, ಊಟ ಎಲ್ಲ ಮನೆಯವರದ್ದೇ. ಕೇರಂ ಒಲಿಂಪಿಕ್ಸ್‌ನಲ್ಲಿ ಇಲ್ಲ. ಪ್ರಾಯೋಜಕರು ಹುಡುಕಿಕೊಂಡು ಬರುವುದಿಲ್ಲ. ಮರಿಯಾ ಇರುದಯಂ ಎರಡು ಸಲ ವಿಶ್ವ ಚಾಂಪಿಯನ್ ಆದವರು, 1996ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

ಹಾಸ್ಟೆಲ್ ಹುಡುಗಿ:
ಮೇಷ್ಟ್ರೇ, ಬಹುಮಾನದ ದುಡ್ಡನ್ನಷ್ಟೇ ಲೆಕ್ಕ ಹಾಕಬೇಡಿ. ಕೇರಂನಲ್ಲಿ ಬದುಕು ನಡೆಯುವುದು ಕ್ರೀಡಾ ಕೋಟಾದ ಕೆಲಸದಿಂದ. ಬಿಹಾರದ ರಶ್ಮಿ ಕುಮಾರಿ ಅವರನ್ನು ನೋಡಿ. ಮೂರು ಸಲ ವಿಶ್ವ ಚಾಂಪಿಯನ್, ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯಲ್ಲಿ ಕೆಲಸ. ಪ್ರಶಾಂತ್ ಮೋರೆ ಆಡುವುದು ರಿಸರ್ವ್ ಬ್ಯಾಂಕ್ ಪರವಾಗಿ. ತಿಂಗಳ ಸಂಬಳ ಕೈಗೆ ಬರುತ್ತದೆ, ಆಟವೂ ಮುಂದುವರಿಯುತ್ತದೆ. ಇದು ವೃತ್ತಿ ಅಲ್ವಾ?

ಲೆಕ್ಕದ ಮೇಷ್ಟ್ರು:
ವೃತ್ತಿನೇ, ಒಪ್ಪಿದೆ. ಆದರೆ ಅಂಥ ಕೆಲಸ ಎಷ್ಟಿವೆ? ರಾಷ್ಟ್ರೀಯ ಮಟ್ಟದಲ್ಲಿ ಮೇಲಿರುವ ಕೆಲವರಿಗೆ ಅಷ್ಟೇ. ಓದು ಬಿಡಿಸಿ ಆಡಿಸಿದರೆ ಮಕ್ಕಳಿಗೆ ಅನ್ಯಾಯ ಆಗುತ್ತದೆ.

ಸ್ಟ್ರೈಕರ್ 15:
ಟೂರ್ನಿ ಆಡುವವನಾಗಿ ಹೇಳುತ್ತೇನೆ. ಮನೆ ಆಟ ಬೇರೆ, ಇದು ಬೇರೆ. ಬೋರ್ಡಿನ ಒಳಗೆ 74 ಸೆಂ.ಮೀ. ಚೌಕ. ಸ್ಟ್ರೈಕರ್ ತೂಕ 15 ಗ್ರಾಂ ಮೀರಬಾರದು. ಗೇಮ್ ಮುಗಿಯುವುದು 25 ಪಾಯಿಂಟಿಗೆ ಅಥವಾ ಎಂಟು ಬೋರ್ಡಿಗೆ, ಅಂದರೆ ಎಂಟು ಸುತ್ತಿಗೆ. ಒಳ್ಳೆಯವರು ಬ್ರೇಕ್ (ಸುತ್ತಿನ ಮೊದಲ ಹೊಡೆತ) ಹೊಡೆದರೆ ಎದುರಾಳಿಗೆ ಕೈಯೇ ಕೊಡದೆ ಒಂಬತ್ತೂ ಬಿಳಿ ಪಾನು, ಜೊತೆಗೆ ರೆಡ್ಡು ಹಾಕಿ ಮುಗಿಸುತ್ತಾರೆ. ಅದಕ್ಕೆ ವೈಟ್ ಸ್ಲ್ಯಾಮ್ ಅನ್ನುತ್ತೇವೆ.

ಇನ್ನೊಂದು ವಿಷಯ. ರೆಡ್ಡಿಗೆ ಮೂರು ಪಾಯಿಂಟು. ಆದರೆ ನಿಮ್ಮ ಸ್ಕೋರ್ 22 ಆದ ಮೇಲೆ ಅದಕ್ಕೆ ಪಾಯಿಂಟ್ ಸಿಗುವುದಿಲ್ಲ. ಆಗ ಅದನ್ನು ಹಾಕುವುದು ಎದುರಾಳಿಯ ಕೈಗೆ ಸಿಗದಿರಲಿ ಅಂತ. ಕೆಲವೊಮ್ಮೆ ಸುಲಭವಾಗಿ ಬೀಳುವ ಪಾನನ್ನೂ ಬಿಟ್ಟು ಅವರ ಪಾನಿನ ದಾರಿಗೆ ನಮ್ಮದನ್ನು ಅಡ್ಡ ಇಡುತ್ತೇವೆ. ಬೆರಳಿಗಿಂತ ಜಾಸ್ತಿ ಕೆಲಸ ತಲೆಗೆ. ದಿನಾ ಗಂಟೆಗಟ್ಟಲೆ ಕೂತು ಆಡದಿದ್ದರೆ ಇದು ಬರುವುದಿಲ್ಲ.

ಹಾಸ್ಟೆಲ್ ಹುಡುಗಿ:
ಅಷ್ಟು ಹೊತ್ತು ಕೂತು ಆಡೋಕೆ ಜಾಗ ಬೇಕಲ್ಲ! 2008ರಲ್ಲಿ ವಿಶ್ವ ಚಾಂಪಿಯನ್ ಆದ ಇಳವಳಗಿ ಕೂಡ ಚೆನ್ನೈನವರೇ, ವ್ಯಾಸರ್ಪಾಡಿಯವರು. ಇರುದಯಂ, ಇಳವಳಗಿ, ಈಗ ಖಾಜಿಮಾ, ಒಂದೇ ಊರಿಂದ ಮೂವರು. ಅಲ್ಲಿ ಬಡವರ ಕೇರಿಗಳಲ್ಲೇ ಕೇರಂ ಕ್ಲಬ್ಬುಗಳಿವೆ. ದೊಡ್ಡವರು ಆಡುವುದನ್ನು ಚಿಕ್ಕವರು ಪಕ್ಕದಲ್ಲೇ ನಿಂತು ನೋಡುತ್ತಾರೆ. ನಮ್ಮ ಮನೆಗಳಲ್ಲೂ ಬೋರ್ಡ್ ಇದೆ. ಬೇಸಿಗೆ ರಜೆಗೆ ಮಂಚದ ಕೆಳಗಿಂದ ತೆಗೆಯುತ್ತೇವೆ, ಜೂನ್‌ನಲ್ಲಿ ಮತ್ತೆ ಒಳಗೆ. ನಮ್ಮ ಮಕ್ಕಳಿಗೆ ಪ್ರತಿಭೆ ಇಲ್ಲ ಅಂತ ನಾನು ಒಪ್ಪುವುದಿಲ್ಲ.

ಲೆಕ್ಕದ ಮೇಷ್ಟ್ರು:
ಈ ಮಾತು ಸರಿ. ಸರ್ಕಾರಿ ಶಾಲೆಗೆ ಮೈದಾನ ಇಲ್ಲದಿದ್ದರೂ ಎರಡು ಒಳ್ಳೆ ಬೋರ್ಡ್ ಇಡಬಹುದು. ನಾನು ಬೇಡ ಅಂದಿದ್ದು ಓದು ಬಿಡಿಸುವುದನ್ನು.

ಪುಟ್ಟಿ ಅಮ್ಮ:
ನನ್ನ ಮಗಳಿಗೆ ಒಂಬತ್ತು ವರ್ಷ, ಚೆನ್ನಾಗಿ ಆಡುತ್ತಾಳೆ. ಎಲ್ಲಿಂದ ಶುರು ಮಾಡಲಿ?

ಸ್ಟ್ರೈಕರ್ 15:
ಅಕ್ಕ, ಚಿಕ್ಕ ಬೋರ್ಡ್ ಬೇಡ, ಟೂರ್ನಿ ಅಳತೆಯದ್ದೇ ತಗೊಳ್ಳಿ. ನೆಲದ ಮೇಲೆ ಇಡಬೇಡಿ, ಸ್ಟ್ಯಾಂಡ್ ಮೇಲಿಟ್ಟು ಕುರ್ಚಿಯಲ್ಲಿ ಕೂರಿಸಿ. ಕುರ್ಚಿಯಿಂದ ಏಳದೆ ಹೊಡೆಯುವುದನ್ನು ಮೊದಲ ದಿನದಿಂದಲೇ ಕಲಿಸಿ. ಮನೆಯಲ್ಲಿ ಮಕ್ಕಳು ಬೋರ್ಡ್ ಮೇಲೆ ಬಾಗಿ ಹೊಡೆಯುತ್ತಾರೆ, ಆ ಅಭ್ಯಾಸ ಆಮೇಲೆ ಬಿಡಿಸುವುದು ಕಷ್ಟ.