ರೇಡಿಯೋದಲ್ಲಿ ಬರೀ ಗರಗರ, ಪೈಲಟ್‌ಗೆ ಅರ್ಥ ಆಗೋದು ಹೇಗೆ?

ಪ್ರಶ್ನೆ (ಪೈಲಟ್ ತರಬೇತಿಯಲ್ಲಿರುವ ಹುಡುಗ, ಊರು ಹಾಸನ):

ನಮಸ್ಕಾರ ಸರ್. ತರಬೇತಿಗೆ ಅಂತ ಅಮೆರಿಕದ ಅರಿಝೋನಾಕ್ಕೆ ಬಂದು ಆರು ವಾರ ಆಯಿತು. ವಿಮಾನ ಹಾರಿಸುವುದು ನಿಧಾನಕ್ಕೆ ಕೈಗೆ ಹತ್ತುತ್ತಿದೆ. ರೇಡಿಯೋ ಮಾತ್ರ ತಲೆಗೆ ಹತ್ತುತ್ತಿಲ್ಲ. ಏರ್‌ಪೋರ್ಟಿನ ಕಂಟ್ರೋಲ್ ಟವರ್‌ನವರು ಒಂದೇ ಉಸಿರಿಗೆ ಏನೋ ಹೇಳಿ ಮುಗಿಸಿಬಿಡುತ್ತಾರೆ. ನನಗೆ ಕೇಳಿಸುವುದು ನಮ್ಮ ವಿಮಾನದ ನಂಬರ್, ಆಮೇಲೆ ಗರಗರ. ಪಕ್ಕದಲ್ಲಿ ಕೂತ ಇನ್‌ಸ್ಟ್ರಕ್ಟರ್ ಆರಾಮಾಗಿ ಉತ್ತರ ಕೊಡುತ್ತಾರೆ. ಹತ್ತನೇ ಕ್ಲಾಸಿನವರೆಗೆ ನಾನು ಕನ್ನಡ ಮೀಡಿಯಂ. ನನ್ನ ಇಂಗ್ಲಿಷೇ ಸಮಸ್ಯೆಯಾ? ಇಲ್ಲ, ಕಿವಿ ತೋರಿಸಿಕೊಳ್ಳಬೇಕಾ?

ಉತ್ತರ (ಏರ್‌ಲೈನ್ ಕ್ಯಾಪ್ಟನ್, ಊರು ಕುಂದಾಪುರ):

ಮೆಡಿಕಲ್ ಪಾಸಾಗಿಯೇ ಅಲ್ಲಿಗೆ ಹೋಗಿದ್ದು ತಾನೇ? ಕಿವಿ ಸರಿಯಿದೆ ತಮ್ಮಾ. ಇಂಗ್ಲಿಷ್ ಬಗ್ಗೆಯೂ ಅಷ್ಟು ತಲೆ ಕೆಡಿಸಿಕೊಳ್ಳಬೇಡ. ಅಲ್ಲೇ ಹುಟ್ಟಿ ಬೆಳೆದ ಹುಡುಗರಿಗೂ ಮೊದಮೊದಲು ಇದೇ ಪಾಡು.

ಯಕ್ಷಗಾನ ನೋಡಿದ್ದೀಯಾ? ಚೆಂಡೆ ಏರಿದ ಹೊತ್ತಿಗೆ ಭಾಗವತರ ಪದ್ಯದಲ್ಲಿ ಹೊಸಬರಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಪಕ್ಕದ ಕುರ್ಚಿಯ ಅಜ್ಜ ಮಾತ್ರ ಜೊತೆಗೇ ಗುನುಗುತ್ತಿರುತ್ತಾರೆ. ಅವರ ಕಿವಿ ನಿನ್ನದಕ್ಕಿಂತ ಚುರುಕೇನಲ್ಲ. ಪ್ರಸಂಗ ಗೊತ್ತು, ಮುಂದಿನ ಪದ್ಯ ಯಾವುದು ಅಂತ ಗೊತ್ತು, ಅಷ್ಟೇ. ನಿನ್ನ ಇನ್‌ಸ್ಟ್ರಕ್ಟರ್ ಮಾಡುತ್ತಿರುವುದೂ ಅದನ್ನೇ.

ಕಂಟ್ರೋಲರ್ ಒಂದೊಂದು ಹಂತದಲ್ಲಿ ಹೇಳುವುದು ಕೆಲವೇ ಸಂಗತಿ. ನಿಂತಲ್ಲಿಂದ ಹೊರಡುವಾಗ ಯಾವ ರನ್‌ವೇ, ಯಾವ ಟ್ಯಾಕ್ಸಿವೇ (ರನ್‌ವೇಗೆ ಹೋಗುವ ದಾರಿ), ಎಲ್ಲಿ ನಿಲ್ಲಬೇಕು (ಹೋಲ್ಡ್ ಶಾರ್ಟ್). ಮೇಲೇರಿದ ಮೇಲೆ ದಿಕ್ಕು, ಎತ್ತರ, ಮುಂದಿನ ಫ್ರೀಕ್ವೆನ್ಸಿ. ಹಾಗಾಗಿ ಮೈಕ್ ಒತ್ತುವ ಮೊದಲೇ ಮೊಣಕಾಲಿನ ಪ್ಯಾಡ್ ಮೇಲೆ "ರನ್‌ವೇ, ದಾರಿ, ಹೋಲ್ಡ್ ಶಾರ್ಟ್" ಅಂತ ಬರೆದು ಮುಂದೆ ಜಾಗ ಖಾಲಿ ಬಿಡು. ಗಾಳಿ ಯಾವ ಕಡೆಯಿಂದ, ಇವತ್ತು ಯಾವ ರನ್‌ವೇ ಅನ್ನುವುದನ್ನು ಏಟಿಸ್ ಅನ್ನುವ ಏರ್‌ಪೋರ್ಟ್ ರೆಕಾರ್ಡಿಂಗ್ ಮೊದಲೇ ಹೇಳಿರುತ್ತದೆ. ಅದನ್ನು ಕೇಳಿಕೊಂಡರೆ ಅರ್ಧ ಪೇಪರ್ ಮುಂಚೆಯೇ ತುಂಬಿತು. ಉಳಿದರ್ಧಕ್ಕೆ ಮಾತ್ರ ಕಿವಿ ಕೊಟ್ಟರಾಯಿತು.

ಇನ್ನು ಗರಗರ. ವಿಮಾನದ ರೇಡಿಯೋ ಮಾತಿನ ಮೇಲಿನ ಸ್ವರಗಳನ್ನು ಕತ್ತರಿಸಿ ಹಾಕುತ್ತದೆ, ಹಳೆಯ ಲ್ಯಾಂಡ್‌ಲೈನ್ ಫೋನಿನ ಹಾಗೆ. 'ಸ', 'ಫ' ಶಬ್ದಗಳ ಜೀವ ಇರುವುದೇ ಆ ಮೇಲಿನ ಭಾಗದಲ್ಲಿ. ಅದು ಹೋದರೆ 'ಫೈವ್' ಕೂಡ 'ಐ', 'ನೈನ್' ಕೂಡ 'ಐ'. ಅದಕ್ಕೇ ರೇಡಿಯೋದಲ್ಲಿ ಒಂಬತ್ತಕ್ಕೆ 'ನೈನರ್', ಐದಕ್ಕೆ 'ಫೈಫ್', ಮೂರಕ್ಕೆ 'ಟ್ರೀ' ಅಂತ ನಿಯಮ. ಮೊದಲ ಸಲ ಕೇಳಿದಾಗ ನನಗೂ ನಗು ಬಂದಿತ್ತು.

ಹೆಡ್‌ಸೆಟ್ ಕಿವಿಗೆ ಬಿಗಿಯಾಗಿ ಕೂರಬೇಕು. ಕನ್ನಡಕದ ಕಡ್ಡಿ ದಪ್ಪಗಿದ್ದರೆ ಆ ಸಂದಿಯಿಂದಲೇ ಎಂಜಿನ್ ಸದ್ದು ಒಳಗೆ ನುಗ್ಗುತ್ತದೆ. ಮೈಕ್ ತುಟಿಗೆ ತಾಗುವಷ್ಟು ಹತ್ತಿರ ಇರಲಿ.

ಮರುಪ್ರಶ್ನೆ (ಎಲೆಕ್ಟ್ರಾನಿಕ್ಸ್ ಮೇಷ್ಟ್ರು, ಮೈಸೂರು):

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಷ್ಟೆಲ್ಲ ಕಷ್ಟ ಯಾಕೆ? ವಿಮಾನದವರು 118ರಿಂದ 137 ಮೆಗಾಹರ್ಟ್ಸ್‌ನಲ್ಲಿ ಇನ್ನೂ ಎಎಂ (ಹಳೆಯ ಮೀಡಿಯಂ ವೇವ್ ರೇಡಿಯೋದ ಪದ್ಧತಿ) ಬಳಸುತ್ತಾರೆ. ಎಫ್‌ಎಂ ಮಾಡಿದರೆ ಸ್ಪಷ್ಟವಾಗಿ ಕೇಳಿಸುತ್ತದಲ್ವಾ?

ಉತ್ತರ (ಕ್ಯಾಪ್ಟನ್):

ಸ್ಪಷ್ಟವಾಗಿ ಕೇಳಿಸುತ್ತದೆ ಸರ್, ತೊಂದರೆಯೂ ಅಲ್ಲೇ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಿರುವ ಸಿಗ್ನಲ್ ಮಾತ್ರ ಕೇಳಿಸುತ್ತದೆ. ಇನ್ನೊಬ್ಬರು ಮಾತಾಡಿದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಎಎಂನಲ್ಲಿ 'ಕೀಂ' ಅಂತ ಶಬ್ದ ಬರುತ್ತದೆ. ಯಾರಾದರೂ 'ಬ್ಲಾಕ್ಡ್' ಅನ್ನುತ್ತಾರೆ, ಇಬ್ಬರೂ ಮತ್ತೆ ಹೇಳುತ್ತಾರೆ.

ಹಾಗಂತ 'ಕೀಂ' ಶಬ್ದ ಬಂದ ಮಾತ್ರಕ್ಕೆ ಬಚಾವ್ ಅಂತಲೂ ಇಲ್ಲ. 1977ರ ಮಾರ್ಚ್ 27, ಟೆನೆರಿಫ್ ದ್ವೀಪ. ಮಂಜು ಕವಿದ ರನ್‌ವೇ ಮೇಲೆ ಎರಡು ಬೋಯಿಂಗ್ 747 ವಿಮಾನ. 'ಟೇಕಾಫ್‌ನಲ್ಲಿದ್ದೇವೆ' ಅಂದ ಕೆಎಲ್‌ಎಂ ವಿಮಾನಕ್ಕೆ ಟವರ್ "ಓಕೆ" ಅಂದು, ಸ್ವಲ್ಪ ತಡೆದು, ಕಾಯಿರಿ, ಕರೆಯುತ್ತೇನೆ ಅಂತು. ಅದೇ ಕ್ಷಣ ಪ್ಯಾನ್ ಆಮ್‌ನವರು ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಅಂದರು. ಎರಡೂ ಮಾತು ಒಂದರ ಮೇಲೊಂದು ಬಿದ್ದವು. ಕೆಎಲ್‌ಎಂ ಕಾಕ್‌ಪಿಟ್‌ಗೆ ತಲುಪಿದ್ದು "ಓಕೆ" ಮತ್ತು ಒಂದು ಕೀರಲು ಸದ್ದು. ಆಗಲೇ ಓಡತೊಡಗಿದ್ದ ಅವರ ವಿಮಾನ ನಿಲ್ಲದೆ ಪ್ಯಾನ್ ಆಮ್‌ಗೆ ಗುದ್ದಿತು. ಸತ್ತವರು 583. ಈಗ 'ಟೇಕಾಫ್' ಅನ್ನುವ ಪದವನ್ನು ಅನುಮತಿ ಕೊಡುವಾಗ, ವಾಪಸ್ ಪಡೆಯುವಾಗ ಮಾತ್ರ ಬಳಸುತ್ತೇವೆ. ಬೇರೆಲ್ಲ ಕಡೆ 'ಡಿಪಾರ್ಚರ್'.

ಸೇರಿಸುತ್ತಿದ್ದೇನೆ (ನಿವೃತ್ತ ಏರ್ ಟ್ರಾಫಿಕ್ ಕಂಟ್ರೋಲರ್, ಬೆಂಗಳೂರು):

ಕ್ಯಾಪ್ಟನ್ ಹೇಳಿದ ಯಕ್ಷಗಾನದ ಮಾತು ಸರಿ. ಆದರೆ ಅದರಲ್ಲೇ ಒಂದು ಗುಂಡಿ ಇದೆ ಪುಟ್ಟಾ. ಮುಂದಿನ ಪದ್ಯ ಗೊತ್ತು ಅಂತ ಕೂತಿರುತ್ತೀಯ, ಭಾಗವತರು ಅವತ್ತು ಬೇರೆ ಪದ್ಯ ಎತ್ತಿರುತ್ತಾರೆ. ನಿನ್ನ ಕಿವಿಗೆ ಮಾತ್ರ ಹಳೆಯದೇ ಬೀಳುತ್ತದೆ.

1989ರಲ್ಲಿ ಕ್ವಾಲಾಲಂಪುರ್ ಹತ್ತಿರ ಒಂದು ಸರಕು ವಿಮಾನಕ್ಕೆ ಕಂಟ್ರೋಲರ್ 2,400 ಅಡಿಗೆ ಇಳಿಯಲು ಹೇಳಿದರು. ಹೇಳಿದ ರೀತಿ "ಟೂ ಫೋರ್ ಝೀರೋ ಝೀರೋ". ಪೈಲಟ್‌ಗೆ ಆ ಮೊದಲ 'ಟೂ' ಎರಡು ಅಂತ ಅನ್ನಿಸಲಿಲ್ಲ, "ಗೆ" ಅನ್ನುವ 'ಟು' ಅನ್ನಿಸಿತು. "ಓಕೆ, ಫೋರ್ ಝೀರೋ ಝೀರೋ" ಅಂದರು. ಅಂದರೆ 400 ಅಡಿ. ಆ ತಪ್ಪು ಉತ್ತರವನ್ನು ಯಾರೂ ತಡೆಯಲಿಲ್ಲ. ವಿಮಾನ ಗುಡ್ಡಕ್ಕೆ ಬಡಿಯಿತು, ನಾಲ್ಕೂ ಸಿಬ್ಬಂದಿ ಹೋದರು. ಇಲ್ಲಿ ಉಚ್ಚಾರಣೆಯದಾಗಲಿ ಗಲಾಟೆಯದಾಗಲಿ ತಪ್ಪಲ್ಲ. ಸಾವಿರ, ನೂರು ಅಂತ ಬಿಡಿಸಿ ಹೇಳಿದ್ದರೆ ಸಾಕಿತ್ತು.

ಅದಕ್ಕೇ ರೀಡ್‌ಬ್ಯಾಕ್. ಎತ್ತರ, ದಿಕ್ಕು, ರನ್‌ವೇ ಇವಕ್ಕೆ ಸುಮ್ನೆ 'ರೋಜರ್' (ಕೇಳಿಸಿತು) ಅಂದರೆ ನಾವು ಒಪ್ಪುವುದಿಲ್ಲ. ಕೇಳಿಸಿದ್ದನ್ನು ವಾಪಸ್ ಹೇಳಬೇಕು. ಸಂಶಯ ಇದ್ದರೆ ಊಹೆ ಮಾಡಿ ಹೇಳಬೇಡ. ನೀನು ಧೈರ್ಯವಾಗಿ ತಪ್ಪು ಹೇಳಿದರೆ ಹತ್ತು ವಿಮಾನ ನೋಡಿಕೊಳ್ಳುತ್ತಿರುವ ನಮ್ಮ ಕಿವಿಯೂ ಒಮ್ಮೊಮ್ಮೆ ಅದನ್ನು ಸರಿ ಅಂದುಕೊಳ್ಳಬಹುದು.

ಇನ್ನೊಂದು. ಮಾತು ನಿಮಿಷಕ್ಕೆ 100 ಪದ ದಾಟಬಾರದು ಅನ್ನುವುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಯಾರು ಪಾಲಿಸುತ್ತಾರೆ ಬಿಡು! 'ಸ್ಪೀಕ್ ಸ್ಲೋವರ್' ಅನ್ನುವುದು ಪುಸ್ತಕದಲ್ಲೇ ಇರುವ ಮಾತು, ಹೇಳಲು ನಾಚಿಕೆ ಬೇಡ.

ಪ್ರಶ್ನೆ ಕೇಳಿದ ಹುಡುಗ:

ತುಂಬ ಥ್ಯಾಂಕ್ಸ್ ಸರ್, ಮೇಡಂ. ಒಂದು ಸಲ 'ಸೇ ಅಗೇನ್' ಅಂದೆ, ಅಷ್ಟೇ ಸ್ಪೀಡಲ್ಲಿ ಮತ್ತೆ ಹೇಳಿದರು. ಮೂರನೇ ಸಲ ಕೇಳಲು ಮುಜುಗರ ಆಗಿ ಇನ್‌ಸ್ಟ್ರಕ್ಟರ್ ಮುಖ ನೋಡಿದೆ.

ಉತ್ತರ (ಕ್ಯಾಪ್ಟನ್):

ಮೇಡಂ ಹೇಳಿದ ಗುಂಡಿಗೆ ನಾನೂ ಬಿದ್ದವನೇ. ಒಂದು ಊರಲ್ಲಿ ನಮಗೆ ದಿನಾ 8,000 ಅಡಿ ಕೊಡುತ್ತಿದ್ದರು. ಒಂದು ದಿನ 6,000 ಅಂದರಂತೆ. ನಾನು ಠೀವಿಯಿಂದ 8,000 ಅಂತ ವಾಪಸ್ ಹೇಳಿದೆ. ಆ ಕಡೆಯಿಂದ 'ನೆಗೆಟಿವ್' ಬಂತು. ಆ ಕಂಟ್ರೋಲರ್ ಅವತ್ತು ಎಚ್ಚರವಾಗಿದ್ದರು, ನನ್ನ ಪುಣ್ಯ.

ಪೂರ್ತಿ ಮತ್ತೆ ಹೇಳಿ ಅನ್ನಬೇಡ. ಬಿಟ್ಟುಹೋದದ್ದನ್ನು ಮಾತ್ರ ಕೇಳು: 'ಸೇ ಅಗೇನ್ ಹೆಡಿಂಗ್' (ದಿಕ್ಕು ಮತ್ತೆ ಹೇಳಿ). ಒಂದೇ ಪದ ಆದ್ದರಿಂದ ಅವರೂ ಬಿಡಿಸಿ ಹೇಳುತ್ತಾರೆ. ಅಮೆರಿಕದಲ್ಲಿ ಮೊದಲ ಕರೆಯಲ್ಲೇ 'ಸ್ಟೂಡೆಂಟ್ ಪೈಲಟ್' ಅಂತ ಸೇರಿಸಿದರೆ ಹೆಚ್ಚು ಸಹಾಯ ಸಿಗುತ್ತದೆ. ಅಲ್ಲಿಯ ಪೈಲಟ್ ಕೈಪಿಡಿಯೇ ಹಾಗೆ ಹೇಳಲು ಸೂಚಿಸುತ್ತದೆ. ಲೈಸೆನ್ಸ್ ಬಂದ ಮೇಲೆ ಈ ಸವಲತ್ತು ಇರುವುದಿಲ್ಲ, ಈಗಲೇ ಬಳಸಿಕೋ. ಹಾರಾಟ ಇಲ್ಲದ ದಿನ ಟವರ್ ಮಾತು ನೇರವಾಗಿ ಕೇಳಿಸುವ ಲೈವ್‌ಎಟಿಸಿ ವೆಬ್‌ಸೈಟಿನಲ್ಲಿ ನಿನ್ನ ಏರ್‌ಪೋರ್ಟ್ ಸಿಗುತ್ತದಾ ನೋಡು. ಸಿಕ್ಕರೆ ಅಡುಗೆ ಮಾಡುತ್ತಾ ಕೇಳು, ಪೈಲಟ್‌ಗಿಂತ ಮೊದಲು ನೀನೇ ರೀಡ್‌ಬ್ಯಾಕ್ ಹೇಳು.

ಹಾಂ, ಊರಿಗೆ ವಾಪಸ್ ಬಂದಾಗ ಇನ್ನೊಂದು ಪಾಠ ಕಾದಿದೆ. ಫ್ರೀಕ್ವೆನ್ಸಿ ಹೇಳುವಾಗ ಅಲ್ಲಿಯ 'ಪಾಯಿಂಟ್' ಇಲ್ಲಿ 'ಡೆಸಿಮಲ್'. ಅದೇ ಗಾಳಿ ಒತ್ತಡವನ್ನು ಬೇರೆ ಅಳತೆಯಲ್ಲಿ ಹೇಳುವುದರಿಂದ, ಅಲ್ಲಿ 'ಆಲ್ಟಿಮೀಟರ್ ಟೂ ನೈನರ್ ನೈನರ್ ಟೂ' ಅನ್ನುವುದಕ್ಕೆ ಇಲ್ಲಿ 'ಕ್ಯೂಎನ್‌ಎಚ್ ವನ್ ಝೀರೋ ವನ್ ಟ್ರೀ'. ಇಲ್ಲಿ ರೇಡಿಯೋ ಬಳಸಲು ಬೇಕಾದ ಆರ್‌ಟಿಆರ್ ಪರೀಕ್ಷೆಗೆ ಕೂರುವ ಮೊದಲು ಇದನ್ನು ಬಾಯಿಪಾಠ ಮಾಡಿಕೋ.