ಇಸ್ರೇಲ್–ಪ್ಯಾಲೆಸ್ಟೈನ್: ಕದನವಿರಾಮ ಆಯ್ತು, ಶಾಂತಿ ಬರುತ್ತಾ? ಮೇಡಂಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಉಡುಪಿ ಕಡೆಯಿಂದ):
ನಮಸ್ಕಾರ ಮೇಡಂ. ನೀವು ಕಾಲೇಜಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವರು, ಆ ಕಡೆ ಹೋಗಿ ನೋಡಿಕೊಂಡು ಬಂದವರು ಅಂತ ಅಡ್ಮಿನ್ ಹೇಳಿದ್ರು, ಹಾಗಾಗಿ ಕೇಳ್ತಾ ಇದ್ದೇನೆ. ನನ್ನ ತಂಗಿ ಇಸ್ರೇಲಲ್ಲಿ ಕೇರ್‌ಗಿವರ್, ಟೆಲ್ ಅವೀವ್ ಹತ್ತಿರ ರಮತ್ ಗಾನ್ ಅಂತ ಊರು. ನಮ್ಮ ಕಡೆಯವರು ತುಂಬಾ ಜನ ಅಲ್ಲಿ ಇದೇ ಕೆಲಸಕ್ಕೆ ಹೋಗಿದ್ದಾರೆ, ನಿಮಗೂ ಗೊತ್ತುಂಟು. ಅವಳು ನೋಡಿಕೊಳ್ಳುವ ಅಜ್ಜಿಗೆ 90 ದಾಟಿದೆ, ವೀಲ್‌ಚೇರ್. ಸೈರನ್ ಆದ್ರೆ ಒಂದೂವರೆ ನಿಮಿಷ ಟೈಮು, ಅಷ್ಟರೊಳಗೆ ಅಜ್ಜಿಯನ್ನು ಎಬ್ಬಿಸಿ ಕೂರಿಸಿ ಮಮಾದ್ ಒಳಗೆ ತಳ್ಳಿಕೊಂಡು ಹೋಗಿ ಕಬ್ಬಿಣದ ಬಾಗಿಲು ಹಾಕಬೇಕು (ಮಮಾದ್ ಅಂದ್ರೆ ಮನೆಯೊಳಗೇ ಇರುವ ದಪ್ಪ ಕಾಂಕ್ರೀಟಿನ ರೂಮು). ಎಷ್ಟೋ ರಾತ್ರಿ ಅಜ್ಜಿಯ ಮಂಚದ ಬುಡದಲ್ಲೇ ಚಾಪೆ ಹಾಕಿ ಮಲಗಿದ್ದಾಳೆ. ಅಜ್ಜಿ ಹುಟ್ಟಿದ್ದು ಬಾಗ್ದಾದಲ್ಲಂತೆ, ನಿದ್ದೆಗಣ್ಣಲ್ಲಿ ಅರಬಿಯಲ್ಲಿ ಮಾತಾಡ್ತಾರಂತೆ. ಈಗ ಅಕ್ಟೋಬರ್ 2025ರಲ್ಲಿ ಗಾಜಾ ಯುದ್ಧಕ್ಕೆ ಕದನವಿರಾಮ ಆಯ್ತು, ಬದುಕಿದ್ದ ಒತ್ತೆಯಾಳುಗಳೆಲ್ಲ ವಾಪಸ್ ಬಂದ್ರು. ಇನ್ನು ಗಲಾಟೆ ಮುಗಿಯಿತಾ ಅಂತ ಅಮ್ಮ ದಿನಾ ಕೇಳ್ತಾರೆ. ನಾನು ಎಂತ ಹೇಳುದು? ನಿಜವಾಗಿ ಶಾಂತಿ ಆಗುವ ಚಾನ್ಸ್ ಉಂಟಾ?

ಉತ್ತರ:
ಅಮ್ಮಂಗೆ ಹೇಳಮ್ಮ, ಬಾಂಬ್ ದಾಳಿ ಕಮ್ಮಿ ಆಗಿದೆ, ಒತ್ತೆಯಾಳುಗಳು ಮನೆ ಸೇರಿದ್ದಾರೆ, ಅದೇನು ಸಣ್ಣ ವಿಷಯ ಅಲ್ಲ. ಆದ್ರೆ ಮುಗೀತು ಅಂತ ಮಾತ್ರ ಹೇಳ್ಬೇಡ. ನಾನು ಹಂಗೆ ಹೇಳಿ ಒಂದ್ಸಲ ತಪ್ಪು ಮಾಡಿದ್ದೀನಿ.

1993ರ ಸೆಪ್ಟೆಂಬರ್ 13, ಆಗಿನ್ನೂ ನಾನು ಲೆಕ್ಚರರ್ ಆಗಿ ಹೊಸದು, ಮಾರನೇ ದಿನ ಸ್ಟಾಫ್ ರೂಮಲ್ಲಿ ಪೇಪರ್ ಬಿಚ್ಚಿದ್ರೆ ಶ್ವೇತಭವನದ ಹುಲ್ಲುಹಾಸಿನ ಮೇಲೆ ಇಸ್ರೇಲ್ ಪ್ರಧಾನಿ ರಾಬಿನ್, ಪ್ಯಾಲೆಸ್ಟೀನಿಯರ ನಾಯಕ ಅರಾಫತ್ ಕೈ ಕುಲುಕ್ತಿರೋ ಫೋಟೋ, ಮಧ್ಯದಲ್ಲಿ ಅಮೆರಿಕ ಅಧ್ಯಕ್ಷ ಕ್ಲಿಂಟನ್. ಕಣ್ಣಲ್ಲಿ ನೀರು ಬಂತು ನಂಗೆ. ಸೀದಾ ಕ್ಲಾಸಿಗೆ ಹೋಗಿ ಇನ್ನೈದು ವರ್ಷದಲ್ಲಿ ಈ ಜಗಳ ಪಠ್ಯಪುಸ್ತಕದ ಇತಿಹಾಸ ಆಗುತ್ತೆ ಅಂತ ಹೇಳ್ಬಿಟ್ಟೆ. ಆವತ್ತು ಬೆಂಚಲ್ಲಿ ಕೂತಿದ್ದ ಹುಡುಗರಿಗೆ ಈಗ ಐವತ್ತರ ಹತ್ರ ವಯಸ್ಸು.

ಆವತ್ತು ಸಹಿಯಾದ ಓಸ್ಲೋ ಒಪ್ಪಂದದಲ್ಲಿ ಆಗಿದ್ದೇನು ಅಂದ್ರೆ, ಪಿಎಲ್‌ಒ (ಅರಾಫತ್ ಅವರ ಪ್ಯಾಲೆಸ್ಟೈನ್ ವಿಮೋಚನಾ ಸಂಘಟನೆ) ಇಸ್ರೇಲ್ ಅನ್ನೋ ದೇಶ ಇರೋದನ್ನ ಒಪ್ಕೊಳ್ತು, ಇಸ್ರೇಲು ಪಿಎಲ್‌ಒನ ಪ್ಯಾಲೆಸ್ಟೀನಿಯರ ಪ್ರತಿನಿಧಿ ಅಂತ ಒಪ್ಕೊಳ್ತು. ಅಷ್ಟೇ. ಇಸ್ರೇಲು ಪ್ಯಾಲೆಸ್ಟೈನ್ ಅನ್ನೋ ದೇಶವನ್ನ ಒಪ್ಕೊಳ್ಳಲಿಲ್ಲ, ಒಪ್ಪಂದದಲ್ಲಿ ಆ ಮಾತೇ ಇಲ್ಲ. ಗಡಿ ಎಲ್ಲಿ, ಜೆರುಸಲೇಂ ಯಾರದ್ದು, 1948ರಲ್ಲಿ ಇಸ್ರೇಲ್ ಹುಟ್ಟಿದಾಗಿನ ಯುದ್ಧದಲ್ಲಿ ಮನೆ ಬಿಟ್ಟು ಓಡಿದ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ಏನಾಗಬೇಕು, ಆಕ್ರಮಿತ ಜಾಗದಲ್ಲಿ ಇಸ್ರೇಲ್ ಕಟ್ಟಿರೋ ವಸಾಹತುಗಳು ಏನಾಗಬೇಕು, ಜೀವ ಹೋಗೋ ಪ್ರಶ್ನೆಗಳೆಲ್ಲ ಐದು ವರ್ಷದ ಒಳಗೆ ಆಮೇಲೆ ನೋಡೋಣ ಅಂತ ಮುಂದಕ್ಕೆ ಹಾಕಿದ್ರು. ವಿಶ್ವಾಸ ಬೆಳೀಲಿ ಅಂತ ಹಂಗೆ ಮಾಡಿದ್ದು, ಉದ್ದೇಶ ಕೆಟ್ಟದ್ದಲ್ಲ. ಆದ್ರೆ ಶಾಂತಿ ಬೇಡದವರಿಗೆ ಆ ಐದು ವರ್ಷ ಬಿಟ್ಟುಕೊಟ್ಟ ಹಂಗಾಯ್ತು. 1994 ಫೆಬ್ರವರಿಯಲ್ಲಿ ಹೆಬ್ರಾನ್ ಮಸೀದಿಯಲ್ಲಿ ಒಬ್ಬ ಯಹೂದಿ ವಸಾಹತುಗಾರ ನಮಾಜು ಮಾಡ್ತಿದ್ದ 29 ಜನರನ್ನ ಕೊಂದ, ಹಮಾಸ್ ಅನ್ನೋ ಪ್ಯಾಲೆಸ್ಟೀನಿ ಸಶಸ್ತ್ರ ಗುಂಪಿನವರು ಬಸ್ಸುಗಳಲ್ಲಿ ಆತ್ಮಹತ್ಯಾ ಬಾಂಬ್ ಸಿಡಿಸಿದ್ರು, 1995 ನವೆಂಬರ್ 4ಕ್ಕೆ ರಾಬಿನ್‌ನನ್ನೇ ಶಾಂತಿ ರ‍್ಯಾಲಿಯಿಂದ ಇಳಿದು ಬರುವಾಗ ಒಬ್ಬ ಯಹೂದಿ ಯುವಕ ಗುಂಡು ಹಾಕಿ ಕೊಂದ. ಇಷ್ಟರ ಮಧ್ಯೆ ವಸಾಹತು ಕಟ್ಟೋದು ಒಂದು ದಿನ ನಿಲ್ಲಲಿಲ್ಲ. ಒಪ್ಪಂದ ಆದಾಗ ವೆಸ್ಟ್ ಬ್ಯಾಂಕಲ್ಲಿ (1967ರಿಂದ ಇಸ್ರೇಲ್ ಹಿಡಿತದಲ್ಲಿರೋ, ಜೋರ್ಡಾನ್ ನದಿ ಪಶ್ಚಿಮಕ್ಕಿರೋ ಪ್ಯಾಲೆಸ್ಟೀನಿ ಪ್ರದೇಶ) ಸುಮಾರು 1.1 ಲಕ್ಷ ಇದ್ದ ವಸಾಹತುಗಾರರು ಈಗ 5 ಲಕ್ಷ ದಾಟಿದ್ದಾರೆ, ಪೂರ್ವ ಜೆರುಸಲೇಂನವರನ್ನ ಬಿಟ್ಟು. ಪ್ಯಾಲೆಸ್ಟೀನಿಯರಿಗೆ ಹೆಂಗೆ ಕಂಡಿರಬೇಕು ಹೇಳು, ಪಾಲುಪಾರೀಕತ್ತು ಮಾತಾಡೋಣ ಅಂತ ಕೂರಿಸಿ ಜಮೀನಲ್ಲಿ ಮನೆ ಎಬ್ಬಿಸ್ತಾ ಹೋದ್ರೆ?

ನಾನು ಮೂವತ್ತು ವರ್ಷ ಪಾಠ ಮಾಡಿ ಬಂದಿರೋ ತೀರ್ಮಾನ ಇಷ್ಟೇ, ಅಲ್ಲಿ ಶಾಂತಿಗೆ ಪ್ಲಾನ್ ಇಲ್ಲದೆ ಸೋತಿದ್ದಲ್ಲ, ಕೊನೆಗೆ ಎಲ್ಲಿಗೆ ಹೋಗಿ ಮುಟ್ಟಬೇಕು ಅನ್ನೋದನ್ನ ಮೊದಲೇ ಬರೆಯದೆ ಸೋತಿದ್ದು.

ಪ್ರಶ್ನೆ (ಇನ್ನೊಬ್ಬ ಸದಸ್ಯ):
ಮೇಡಂ ತಪ್ಪು ತಿಳ್ಕೋಬೇಡಿ, ಇದು ಸಾವಿರಾರು ವರ್ಷದಿಂದ ಇರೋ ಧರ್ಮದ ಜಗಳ ಅಲ್ವಾ, ದೇವರೇ ಬಂದ್ರೂ ಬಗೆಹರಿಯಲ್ಲ ಅಂತ ನಮ್ಮ ಆಫೀಸಲ್ಲಿ ಎಲ್ಲಾ ಹೇಳ್ತಾರೆ.

ಉತ್ತರ:
ಇಲ್ಲ ಮರಿ, ಈ ಮಾತು ನಂಗೆ ನಿಜವಾಗ್ಲೂ ಬೇಜಾರು ತರಿಸುತ್ತೆ, ಯಾಕಂದ್ರೆ ಬಗೆಹರಿಯಲ್ಲ ಅಂದ್ಬಿಟ್ರೆ ಯಾರೂ ಏನೂ ಮಾಡಬೇಕಾಗಿಲ್ಲ ನೋಡು. ಜೆರುಸಲೇಂ ವಿಷಯದಲ್ಲಿ ಧರ್ಮ ಇದೆ, ಇಲ್ಲ ಅನ್ನಲ್ಲ. ಆದ್ರೆ ಈ ಜಗಳಕ್ಕೆ ನೂರು ಚಿಲ್ಲರೆ ವರ್ಷ ಅಷ್ಟೇ. 1918ರ ಸೆಪ್ಟೆಂಬರ್ 23ಕ್ಕೆ ಹೈಫಾ ಪಟ್ಟಣವನ್ನ ತುರ್ಕರ ಕೈಯಿಂದ ಹಿಡಿದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಇದ್ರು, ಜೋಧಪುರದವರ ಜೊತೆ. ಯಹೂದಿಗಳಿಗೆ ಅಲ್ಲೊಂದು ರಾಷ್ಟ್ರೀಯ ನೆಲೆ ಮಾಡಿಕೊಡ್ತೀವಿ ಅಂತ ಬ್ರಿಟಿಷರ ವಿದೇಶಾಂಗ ಮಂತ್ರಿ ಬಾಲ್ಫರ್ ಪತ್ರ ಬರೆದು ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ಅಂದ್ರೆ ನಮ್ಮ ಮುತ್ತಜ್ಜಂದಿರ ಕಾಲದ್ದು. ಒಂದೇ ನೆಲದ ಮೇಲೆ ಎರಡು ಜನಾಂಗ ಇದು ನಮ್ಮ ಮನೆ ಅಂತ ಹೇಳ್ತಿರೋ ಜಗಳ. ಎರಡೂ ಸುಳ್ಳು ಹೇಳ್ತಿಲ್ಲ, ಕಷ್ಟ ಇರೋದೇ ಅಲ್ಲಿ.

ಮೇಲೆ ಅಕ್ಕ ಹೇಳಿದ್ರಲ್ಲ ಬಾಗ್ದಾದಿನ ಅಜ್ಜಿ, ಅವರ ಕಥೇನೇ ತಗೋ. 1941ರಲ್ಲಿ ಬಾಗ್ದಾದಲ್ಲಿ ಯಹೂದಿಗಳ ಮೇಲೆ ದೊಡ್ಡ ಹಿಂಸಾಚಾರ ಆಯ್ತು, ಫರ್ಹೂದ್ ಅಂತಾರೆ ಅದನ್ನ. 1950-51ರಲ್ಲಿ ಸುಮಾರು 1.2 ಲಕ್ಷ ಇರಾಕಿ ಯಹೂದಿಗಳು ಪೌರತ್ವ ಬಿಟ್ಕೊಟ್ಟು ವಿಮಾನ ಹತ್ತಿ ಇಸ್ರೇಲಿಗೆ ಬಂದ್ರು, ಆಸ್ತಿಪಾಸ್ತಿ ಎಲ್ಲಾ ಅಲ್ಲೇ. ಆ ಅಜ್ಜಿಗೆ ವಾಪಸ್ ಹೋಗು ಅನ್ನೋಕೆ ಯಾವ ಊರಿದೆ ಹೇಳು. ಅದೇ ಥರ ಬೆತ್ಲೆಹೆಮ್ ಪಕ್ಕ ಐದಾ ಅಂತ ಒಂದು ನಿರಾಶ್ರಿತರ ಕ್ಯಾಂಪು, ಅದರ ಹೆಬ್ಬಾಗಿಲ ಕಮಾನಿನ ಮೇಲೆ ಆಳೆತ್ತರಕ್ಕಿಂತ ದೊಡ್ಡ ಬೀಗದಕೈ ಮಾಡಿಟ್ಟಿದ್ದಾರೆ, 1948ರಲ್ಲಿ ಬಿಟ್ಟು ಬಂದ ಮನೆಗಳ ನೆನಪಿಗೆ. ಅದರ ಕೆಳಗೇ ಮಕ್ಕಳು ಸ್ಕೂಲ್ ಬ್ಯಾಗ್ ಹಾಕ್ಕೊಂಡು ಓಡಾಡ್ತಿರ್ತಾರೆ, ನಾನು 2011ರಲ್ಲಿ ನೋಡಿದ್ದು. ಆ ಮಕ್ಕಳ ತಾತನೂ ಆ ಕ್ಯಾಂಪಲ್ಲೇ ದೊಡ್ಡವನಾದವನು.

ಮತ್ತೆ ಬಗೆಹರಿಯಲ್ಲ ಅನ್ನೋದಕ್ಕೆ ಈಜಿಪ್ಟ್ ನೋಡು. 1948, 1956, 1967, 1973 ನಾಲ್ಕು ಯುದ್ಧ. 1979 ಮಾರ್ಚಲ್ಲಿ ಒಪ್ಪಂದ ಆಯ್ತು, 1967ರಲ್ಲಿ ಇಸ್ರೇಲ್ ಹಿಡಿದಿದ್ದ ಸಿನಾಯ್ ಇಂತಿಷ್ಟು ವರ್ಷದೊಳಗೆ ಪೂರ್ತಿ ಈಜಿಪ್ಟಿಗೆ ವಾಪಸ್ ಅಂತ ಮೊದಲೇ ಬರೆದ್ರು, 1982ಕ್ಕೆ ಯಮಿತ್ ಅನ್ನೋ ವಸಾಹತಿನಿಂದ ಇಸ್ರೇಲ್ ಸೈನ್ಯ ತನ್ನ ಜನರನ್ನೇ ಎಳೆದು ಹೊರಗೆ ಹಾಕಿ ಊರು ಕೆಡವಿ ಬಿಟ್ಟುಕೊಡ್ತು. ಈಜಿಪ್ಟ್ ಅಧ್ಯಕ್ಷ ಸಾದಾತ್ ಅದಕ್ಕೆ ಪ್ರಾಣ ಕೊಟ್ಟ. ಒಪ್ಪಂದ ಇವತ್ತಿಗೂ ಗಟ್ಟಿಯಾಗಿದೆ, ಗಾಜಾ ಯುದ್ಧದಲ್ಲೂ ಮುರೀಲಿಲ್ಲ.

ಪ್ರಶ್ನೆ:
ಆದ್ರೆ 2000ದಲ್ಲಿ ಅರಾಫತ್‌ಗೆ ಎಲ್ಲಾ ಕೊಡ್ತೀವಿ ಅಂದ್ರೂ ಬೇಡ ಅಂದ ಅಂತಾರಲ್ಲ ಮೇಡಂ?

ಉತ್ತರ:
ಪೂರ್ತಿ ಹೇಳ್ತೀನಿ ಕೇಳು. 2000 ಜುಲೈ, ಅಮೆರಿಕದ ಕ್ಯಾಂಪ್ ಡೇವಿಡ್, ಆಗಿನ ಇಸ್ರೇಲ್ ಪ್ರಧಾನಿ ಬರಾಕ್, ಅರಾಫತ್, ಕ್ಲಿಂಟನ್ ಎರಡು ವಾರ ಮಾತುಕತೆಗೆ ಕೂತ್ರು. ಇಸ್ರೇಲಿನ ಯಾವ ಪ್ರಧಾನಿಯೂ ಆವರೆಗೆ ಅಷ್ಟು ಮುಂದೆ ಬಂದಿರಲಿಲ್ಲ ಅನ್ನೋದು ನಿಜ, ಆದ್ರೆ ಎಲ್ಲಾ ಕೊಟ್ರು ಅನ್ನೋದು ಸುಳ್ಳು, ಜೆರುಸಲೇಂ ವಿಷಯಕ್ಕೆ ಬಂದು ಮುರಿದು ಬಿತ್ತು. ಅರಾಫತ್ ಬೇಡ ಅಂದಿದ್ದಕ್ಕಿಂತ, ಬೇಡ ಅಂದ್ಮೇಲೆ ಹಂಗಾದ್ರೆ ಹಿಂಗೆ ಮಾಡೋಣ ಅಂತ ತನ್ನ ಕಡೆಯಿಂದ ಒಂದು ನಕ್ಷೆ ಮುಂದಿಡದೇ ಇದ್ದಿದ್ದು ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ. ಸೆಪ್ಟೆಂಬರಲ್ಲಿ ಎರಡನೇ ಇಂತಿಫಾದ, ಅಂದ್ರೆ ಪ್ಯಾಲೆಸ್ಟೀನಿಯರ ದಂಗೆ, ಹೊತ್ಕೊಳ್ತು. ಡಿಸೆಂಬರ್ 23ಕ್ಕೆ ಕ್ಲಿಂಟನ್ ತನ್ನ ಸೂತ್ರ ಓದಿದ, ವೆಸ್ಟ್ ಬ್ಯಾಂಕಿನ 94-96% ಪ್ಯಾಲೆಸ್ಟೈನಿಗೆ, ಜೆರುಸಲೇಂನಲ್ಲಿ ಅರಬ್ ಮೊಹಲ್ಲಾಗಳು ಅವರಿಗೆ ಯಹೂದಿ ಮೊಹಲ್ಲಾಗಳು ಇವರಿಗೆ. ಇಬ್ಬರೂ ಒಪ್ಪಿದ ಹಂಗೂ ಮಾಡಿದ್ರು, ಆಕ್ಷೇಪದ ಪಟ್ಟೀನೂ ಕೊಟ್ರು. ಜನವರಿಯಲ್ಲಿ ತಾಬಾದಲ್ಲಿ ಮತ್ತೆ ಕೂತು ತುಂಬಾ ಹತ್ರ ಬಂದ್ರು, ಆದ್ರೆ ಕ್ಲಿಂಟನ್ ಅಧಿಕಾರ ಮುಗಿದಿತ್ತು, ಫೆಬ್ರವರಿ 6ಕ್ಕೆ ಬರಾಕ್ ಚುನಾವಣೆ ಸೋತ್ರು. 2008ರಲ್ಲೂ ಇದೇ, ಆಗಿನ ಇಸ್ರೇಲ್ ಪ್ರಧಾನಿ ಒಲ್ಮರ್ಟ್ ಪ್ಯಾಲೆಸ್ಟೀನಿ ಅಧ್ಯಕ್ಷ ಅಬ್ಬಾಸ್‌ಗೆ ನಕ್ಷೆ ತೋರಿಸಿದ್ರು, ಅಷ್ಟೊತ್ತಿಗೆ ಒಲ್ಮರ್ಟ್ ಭ್ರಷ್ಟಾಚಾರದ ಕೇಸಲ್ಲಿ ಕುರ್ಚಿ ಬಿಡೋ ಹಂತದಲ್ಲಿದ್ರು. ಧೈರ್ಯ ಬರೋದು ಅಧಿಕಾರ ಹೋಗೋ ಹೊತ್ತಿಗೆ, ಎರಡೂ ಸಲ ಹಂಗೇ ಆಯ್ತು.

ಪ್ರಶ್ನೆ (ಮತ್ತೊಬ್ಬ ಸದಸ್ಯೆ):
ಮೇಡಂ ನೇರವಾಗಿ ಹೇಳಿ, ನೀವು ಯಾರ ಕಡೆ? ಗಾಜಾ ಮಕ್ಕಳ ಫೋಟೋ ನೋಡಿ ನಿದ್ದೆ ಬರಲ್ಲ ನಂಗೆ.

ಉತ್ತರ:
ನಂಗೂ ಬರಲ್ಲ ಕಣಮ್ಮ. 2023 ಅಕ್ಟೋಬರ್ 7ಕ್ಕೆ ಹಮಾಸ್ ನುಗ್ಗಿ ಸುಮಾರು 1,200 ಜನರನ್ನ ಕೊಂದು 251 ಜನರನ್ನ ಹೊತ್ಕೊಂಡು ಹೋಗಿದ್ದು ನರಮೇಧ, ಅದಕ್ಕೆ ಹಿಂದಿನ ಯಾವ ಅನ್ಯಾಯವೂ ಸಮರ್ಥನೆ ಆಗಲ್ಲ. ಆಮೇಲೆ ಗಾಜಾದಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಲೆಕ್ಕದಲ್ಲೇ 60,000 ದಾಟಿ ಸತ್ರು, 2025 ಆಗಸ್ಟಲ್ಲಿ ವಿಶ್ವಸಂಸ್ಥೆ ಬೆಂಬಲದ ತಜ್ಞರು ಗಾಜಾ ನಗರದಲ್ಲಿ ಕ್ಷಾಮ ಇದೆ ಅಂತ ಘೋಷಣೆ ಮಾಡಿದ್ರು, ಅನ್ನದ ಲಾರಿಗಳು ಗಡಿಯಲ್ಲಿ ನಿಂತಿದ್ದಾಗ. ಹೊಟ್ಟೆಗಿಲ್ಲದೆ ಮಕ್ಕಳು ಸಾಯೋದಕ್ಕೆ ಅಕ್ಟೋಬರ್ 7 ಸಮರ್ಥನೆ ಆಗಲ್ಲ. ಒಂದನ್ನ ಹೇಳೋವಾಗ ಇನ್ನೊಂದನ್ನ ನುಂಗೋಕೆ ನನ್ನ ಕೈಲಿ ಆಗಲ್ಲ, ಎರಡೂ ಹೇಳಿದ್ರೆ ಎರಡು ಕಡೆಯವರೂ ಬೈತಾರೆ, ಬೈಸಿಕೊಳ್ತೀನಿ.

ಯಾರ ಕಡೆ ಅಂದ್ರೆ, ವಿವಿಯನ್ ಸಿಲ್ವರ್ ಅಂತ ಒಬ್ಬರಿದ್ರು, ಗಾಜಾ ಗಡಿ ಪಕ್ಕದ ಬೇರಿ ಕಿಬ್ಬುತ್ಸಲ್ಲಿ (ಎಲ್ಲರೂ ಸೇರಿ ದುಡಿದು ಬಾಳೋ ಹಳ್ಳಿ) ಮನೆ, 74 ವರ್ಷ. ಗಾಜಾದ ರೋಗಿಗಳನ್ನ ಗಡಿಯಿಂದ ತಮ್ಮ ಕಾರಲ್ಲೇ ಇಸ್ರೇಲಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ರು. 2014ರ ಯುದ್ಧ ಆದ್ಮೇಲೆ ಶುರುವಾದ ವಿಮೆನ್ ವೇಜ್ ಪೀಸ್ ಅನ್ನೋ ಹೆಂಗಸರ ಚಳವಳಿ ಕಟ್ಟಿದವರಲ್ಲಿ ಒಬ್ಬರು, ಅಕ್ಟೋಬರ್ 7ಕ್ಕೆ ಮೂರು ದಿನ ಮುಂಚೆ ಇಸ್ರೇಲಿ, ಪ್ಯಾಲೆಸ್ಟೀನಿ ಹೆಂಗಸರು ಸೇರಿ ಮೆರವಣಿಗೆ ಮಾಡಿದ್ರು. ಆ ಬೆಳಿಗ್ಗೆ ಅವರನ್ನ ಅವರ ಮನೆಯಲ್ಲೇ ಕೊಂದ್ರು. ಒತ್ತೆಯಾಳಾಗಿ ಬದುಕಿದ್ದಾರೆ ಅಂತ ಐದು ವಾರ ಎಲ್ಲರೂ ಅಂದ್ಕೊಂಡಿದ್ರು. ಅವರ ಮಗ ಸೇಡು ಬೇಡ ಅಂತ ಹೇಳಿ ಈಗ ಶಾಂತಿ ಕೆಲಸಕ್ಕೇ ಇಳಿದಿದ್ದಾನೆ. ನಾನು ಇಂಥವರ ಕಡೆ.

ಪ್ರಶ್ನೆ (ಮೊದಲು ಕೇಳಿದವರೇ):
ಓದಿ ಮನಸ್ಸು ಭಾರ ಆಯ್ತು ಮೇಡಂ. ಹಾಗಾದ್ರೆ ಈ ಸಲದ ಕದನವಿರಾಮ ಗಟ್ಟಿಯಾ ಟೊಳ್ಳಾ ಅಂತ ನಾವು ಇಲ್ಲಿ ಕೂತು ಹೇಗೆ ಗೊತ್ತು ಮಾಡುದು? ಟೀವಿಯಲ್ಲಿ ಬರೀ ಬೊಬ್ಬೆ. ಭಾರತ ಯಾರ ಪರ ಅಂತಲೂ ಗೊತ್ತಾಗುದಿಲ್ಲ.

ಉತ್ತರ:
ಭಾರತ 1947ರಲ್ಲಿ ವಿಶ್ವಸಂಸ್ಥೆಯಲ್ಲಿ ಪ್ಯಾಲೆಸ್ಟೈನ್ ವಿಭಜನೆ ವಿರುದ್ಧ ಮತ ಹಾಕ್ತು, 1950ರಲ್ಲಿ ಇಸ್ರೇಲನ್ನ ಮಾನ್ಯ ಮಾಡ್ತು, 1988ರಲ್ಲಿ ಪ್ಯಾಲೆಸ್ಟೈನ್ ದೇಶವನ್ನ ಮಾನ್ಯ ಮಾಡ್ತು, 1992ರಲ್ಲಿ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ. ಕಾಗದದ ಮೇಲೆ ಇವತ್ತಿಗೂ ಎರಡು ದೇಶ ಅನ್ನೋದೇ ನಮ್ಮ ನಿಲುವು.

ಗಟ್ಟಿಯಾ ಅನ್ನೋದಕ್ಕೆ ನೀನು ಗಾಜಾ ಒಂದೇ ನೋಡ್ಬೇಡ, ವೆಸ್ಟ್ ಬ್ಯಾಂಕ್ ನೋಡು. ಈ ಕದನವಿರಾಮದ ಹಿಂದಿರೋ ಟ್ರಂಪ್ ಅವರ 20 ಅಂಶದ ಯೋಜನೆಗೆ ನವೆಂಬರ್ 2025ರಲ್ಲಿ ವಿಶ್ವಸಂಸ್ಥೆ ಭದ್ರತಾ ಮಂಡಳಿ ಒಪ್ಪಿಗೆಯೂ ಸಿಕ್ತು, ಅದರಲ್ಲಿ ಪ್ಯಾಲೆಸ್ಟೈನ್ ದೇಶದ ಬಗ್ಗೆ ಇರೋದು ಪ್ಯಾಲೆಸ್ಟೀನಿಯರ ಆಡಳಿತ ಸುಧಾರಿಸಿದ್ರೆ, ಗಾಜಾ ಮತ್ತೆ ಕಟ್ಟೋದು ಮುಂದುವರಿದ್ರೆ ಆವಾಗ ದಾರಿ ಆಗಬಹುದು ಅಂತ. ತಾರೀಖಿಲ್ಲ, ನಕ್ಷೆ ಇಲ್ಲ. ಮತ್ತದೇ ಆಮೇಲೆ ನೋಡೋಣ, ನಂಗೆ ಭಯ ಇರೋದೇ ಇದಕ್ಕೆ.

ಅಲ್ಲಿ ಹೋದಾಗ ರಾಮಲ್ಲಾದಿಂದ ಬೆತ್ಲೆಹೆಮ್‌ಗೆ ಹಳದಿ ಸರ್ವೀಸ್ ವ್ಯಾನಲ್ಲಿ ಹೋಗಿದ್ದೆ (ನಮ್ಮ ಮ್ಯಾಕ್ಸಿಕ್ಯಾಬ್ ಥರ ಸೀಟಿಗಿಷ್ಟು ಅಂತ). ಜೆರುಸಲೇಂ ಮೇಲಿಂದ ಹೋದ್ರೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಆದ್ರೆ ಪರ್ಮಿಟ್ ಇಲ್ಲದ ಪ್ಯಾಲೆಸ್ಟೀನಿಯರು ಜೆರುಸಲೇಂ ಒಳಗೆ ಹೋಗೋ ಹಂಗಿಲ್ಲ, ಅದಕ್ಕೆ ಸುತ್ತು ಹಾಕಿ ವಾದಿ ನಾರ್ ಅನ್ನೋ ಕಣಿವೆ ರಸ್ತೆಯಲ್ಲಿ ಇಳಿದು ಹತ್ತಿ ಹೋಗ್ಬೇಕು, ಬೆಂಕಿ ಕಣಿವೆ ಅಂತ ಅರ್ಥ. ತಿರುವಲ್ಲಿ ಚೆಕ್‌ಪೋಸ್ಟ್, ಎಂಜಿನ್ ಆಫ್ ಮಾಡಿ ಕೂತ್ವಿ. ಪಕ್ಕದ ಹೆಂಗಸಿನ ತೊಡೆ ಮೇಲೆ ಆಲಿವ್ ಎಣ್ಣೆ ಕ್ಯಾನು, ಮಗಳ ಬಾಣಂತನಕ್ಕೆ ಹೊರಟಿದ್ದಳು. ಅವರ ಮರಗಳು ವಸಾಹತಿನ ಬೇಲಿ ಪಕ್ಕ ಇವೆಯಂತೆ, ತನ್‌ಸೀಕ್ ಅಂತ ಸೈನ್ಯದ ಒಪ್ಪಿಗೆ ಬಂದ ದಿನ ಮಾತ್ರ ಹೋಗಿ ಕಾಯಿ ಉದುರಿಸ್ಬೇಕು, ಆ ವರ್ಷ ಸಿಕ್ಕಿದ್ದು ಎರಡು ದಿನ, ಅರ್ಧ ಮರಗಳು ಹಂಗೇ ಉಳಿದ್ವಂತೆ. ಸಿಟ್ಟಿಲ್ಲ ಅವಳ ದನಿಯಲ್ಲಿ, ಮಳೆ ಲೇಟಾಯ್ತು ಅನ್ನೋ ಹಂಗೆ ಹೇಳಿದ್ಲು. ಈಗ ಆಗಸ್ಟ್ 2025ರಲ್ಲಿ ಪೂರ್ವ ಜೆರುಸಲೇಂ ಪಕ್ಕದ ಇ-1 ಅನ್ನೋ ಜಾಗದಲ್ಲಿ ಸುಮಾರು 3,400 ಮನೆ ಕಟ್ಟೋಕೆ ಇಸ್ರೇಲ್ ಒಪ್ಪಿಗೆ ಕೊಟ್ಟಿದೆ. ಅದು ಕಟ್ಟಿದ್ರೆ ರಾಮಲ್ಲಾ ಕಡೆಗೂ ಬೆತ್ಲೆಹೆಮ್ ಕಡೆಗೂ ಮಧ್ಯೆ ಗೂಟ ಹೊಡೆದ ಹಂಗೆ. ಇ-1 ಕೆಲಸ ನಿಂತರೆ, ಆಲಿವ್ ಕೊಯ್ಲಿನಲ್ಲಿ ರೈತರ ಮೇಲೆ ಕೈ ಮಾಡಿದವರಿಗೆ ಶಿಕ್ಷೆ ಆದ್ರೆ, 2006ರಿಂದ ಸಂಸತ್ ಚುನಾವಣೆಯನ್ನೇ ನೋಡದ ಪ್ಯಾಲೆಸ್ಟೀನಿಯರು ಓಟು ಹಾಕಿ ಹೊಸ ನಾಯಕರನ್ನ ಆರಿಸಿಕೊಂಡ್ರೆ, ಗಾಜಾದಲ್ಲಿ ಹಮಾಸ್ ನಿಜವಾಗ್ಲೂ ಬಂದೂಕು ಕೆಳಗಿಟ್ರೆ, ಆವಾಗ ಅಮ್ಮಂಗೆ ಧೈರ್ಯವಾಗಿ ಹೇಳು. ಅಲ್ಲಿವರೆಗೂ ಬರೀ ನಾಯಕರು ಕೈ ಕುಲುಕೋ ಫೋಟೋ ನೋಡಿ ನಂಬ್ಬೇಡ.

ಪ್ರಶ್ನೆ:
ಆಯ್ತು ಮೇಡಂ. ಇನ್ನೊಂದು, ತಂಗಿ ರಜೆಗೆ ಬರ್ತಾಳೆ, ವಾಪಸ್ ಕಳಿಸುದಾ ಬೇಡವಾ?

ಉತ್ತರ:
ಅದನ್ನ ನಾನು ಹೇಳೋದು ಸರಿಯಲ್ಲ, ಅವಳ ಸಂಬಳದ ಮೇಲೆ ಮನೆ ನಿಂತಿರುತ್ತೆ, ಅವಳೇ ತೀರ್ಮಾನ ಮಾಡ್ಲಿ. ಹೋಗೋದಾದ್ರೆ ಟೆಲ್ ಅವೀವಲ್ಲಿರೋ ನಮ್ಮ ರಾಯಭಾರ ಕಚೇರಿಯಲ್ಲಿ ಹೆಸರು, ಈಗಿನ ವಿಳಾಸ, ಫೋನ್ ನಂಬರ್ ಸರಿಯಾಗಿ ದಾಖಲಾಗಿದೆಯಾ ನೋಡ್ಕೊಳ್ಳಕ್ಕೆ ಹೇಳು, ಮನೆ ಬದಲಾದ್ರೆ ಎಷ್ಟೋ ಜನ ತಿಳಿಸೋದೇ ಇಲ್ಲ. ಆಮೇಲೆ ಒಂದು ಮಾತು, ಆ ಅಜ್ಜಿ ಬಾಗ್ದಾದಿನ ಬಗ್ಗೆ ಏನಾದ್ರೂ ಹೇಳಿದ್ರೆ ಬರೆದಿಟ್ಕೊಳ್ಳಕ್ಕೆ ಹೇಳಮ್ಮ. ಅದನ್ನ ನೆನಪಿಟ್ಟಿರೋರು ಇನ್ನು ಜಾಸ್ತಿ ಜನ ಇಲ್ಲ.

ಪ್ರಶ್ನೆ ಕೇಳಿದವರು:
ಹೇಳ್ತೇನೆ ಮೇಡಂ. ಟೈಗ್ರಿಸ್ ನದಿ ದಡದಲ್ಲಿ ಮೀನು ಸುಟ್ಟು ತಿಂತಿದ್ದೆವು ಅಂತ ಯಾವಾಗಲೂ ಹೇಳ್ತಾರಂತೆ, ತಂಗಿ ಊರಿನ ಮೀನು ನೆನಪಾಗಿ ಅತ್ತಿದ್ದಳು. ಈಗ ಅಲ್ಲಿ ಅಜ್ಜಿಗೆ ಊಟ ಕೊಡುವ ಹೊತ್ತು, ರಾತ್ರಿ ಫೋನ್ ಮಾಡ್ತಾಳೆ, ಆಗ ಕೇಳ್ತೇನೆ.