ಓವರ್‌ಕ್ಲಾಕ್ ಮಾಡಿದ ಮೇಲೆ ರೇಡ್ 5ರಿಂದ ಡಿಸ್ಕ್ ಹೊರಬೀಳುತ್ತಿದೆ: ತೊಂದರೆ ಡಿಸ್ಕಿನದೋ, ಕ್ಲಾಕಿನದೋ?

ಪ್ರಶ್ನೆ

ಕೋರ್ ಐ5-2500ಕೆ, ಪಿ67 ಚಿಪ್‌ಸೆಟ್ ಬೋರ್ಡ್, 1600ರ ಡಿಡಿಆರ್3 16 ಜಿಬಿ, ವಿಂಡೋಸ್. 2 ಟಿಬಿಯ ನಾಲ್ಕು ಡಿಸ್ಕ್‌ಗಳನ್ನು ಚಿಪ್‌ಸೆಟ್‌ನ ರೇಡ್‌ನಲ್ಲೇ ರೇಡ್ 5 (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವ ಜೋಡಣೆ, ಅಂದರೆ ಅರೇ) ಮಾಡಿದ್ದೇನೆ. ಓವರ್‌ಕ್ಲಾಕ್ ಮಾಡಿ, ಅಂದರೆ ನಿಗದಿಗಿಂತ ವೇಗ ಏರಿಸಿ, ಬೇಸ್ ಕ್ಲಾಕ್ 105, ಮಲ್ಟಿಪ್ಲೈಯರ್ 43, ಅಂದರೆ 4515 ಮೆಗಾಹರ್ಟ್ಸ್. ಪ್ರೈಮ್95 ಎಂಟು ಗಂಟೆ ಓಡಿದರೂ ಒಂದು ದೋಷವಿಲ್ಲ. ಆದರೆ ದೊಡ್ಡ ಫೈಲ್ ಕಾಪಿ ಮಾಡುವಾಗ ಎಲ್ಲವೂ ಅಲ್ಲೇ ನಿಂತುಬಿಡುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಚಲಿಸುತ್ತದೆ. ಇವೆಂಟ್ ವ್ಯೂವರ್‌ನಲ್ಲಿ (ವಿಂಡೋಸ್‌ನ ದಾಖಲೆ) ಪ್ರತಿ ಬಾರಿಯೂ 129, ರೇಡ್‌ಪೋರ್ಟ್0 ರೀಸೆಟ್. ಒಂದು ಡಿಸ್ಕ್ ಎರಡು ಸಲ ಹೊರಬಿದ್ದು, ಈಗ ಅರೇ ಡಿಗ್ರೇಡೆಡ್ (ಒಂದು ಡಿಸ್ಕ್ ಕೊರತೆಯಲ್ಲಿದೆ) ಎಂದು ತೋರಿಸುತ್ತಿದೆ. ಆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ಸ್ಮಾರ್ಟ್ ಪಟ್ಟಿಯಲ್ಲಿ 5 ಮತ್ತು 197 ಸೊನ್ನೆ, 199 ಮಾತ್ರ 312. ಹೊಸ ಡಿಸ್ಕ್ ಹಾಕಬೇಕೇ? ರೀಬಿಲ್ಡ್ ಶುರು ಮಾಡಲೇ?

ಉತ್ತರ

ಈ ಸೆಟ್ಟಿಂಗ್‌ನಲ್ಲಿ ದಯವಿಟ್ಟು ರೀಬಿಲ್ಡ್ ಶುರು ಮಾಡಬೇಡಿ. ರೀಬಿಲ್ಡ್ ಎಂದರೆ ಉಳಿದ ಮೂರು ಡಿಸ್ಕ್‌ಗಳನ್ನು ಮೊದಲಿಂದ ಕೊನೆಯವರೆಗೆ ಓದಿ ನಾಲ್ಕನೆಯದನ್ನು ಮತ್ತೆ ತುಂಬಿಸುವುದು. ಆ ಹೊತ್ತಿನಲ್ಲಿ ಇನ್ನೊಂದು ಡಿಸ್ಕ್ ಹೊರಬಿದ್ದರೆ ಅರೇ ಪೂರ್ತಿ ಫೇಲ್ ಆಗುತ್ತದೆ.

ಹೊಸ ಡಿಸ್ಕ್ ಈಗಲೇ ಬೇಡ. 5 ಎಂದರೆ ಬದಲಿ ಹಾಕಿಕೊಂಡ ಸೆಕ್ಟರ್‌ಗಳು, 197 ಎಂದರೆ ಓದಲಾಗದೆ ಕಾಯುತ್ತಿರುವ ಸೆಕ್ಟರ್‌ಗಳು. ಎರಡೂ ಸೊನ್ನೆ ಇರುವುದರಿಂದ ಡಿಸ್ಕಿನ ಮೇಲ್ಮೈ ಹಾಳಾದ ಲಕ್ಷಣವಿಲ್ಲ. 199 ಎಣಿಸುವುದು ಡಿಸ್ಕ್ ಮತ್ತು ಕಂಟ್ರೋಲರ್ ನಡುವಿನ ದಾರಿಯಲ್ಲಿ ಆಗುವ ಸಿಆರ್‌ಸಿ ದೋಷಗಳನ್ನು, ಅಂದರೆ ಸಾಗುವಾಗ ಡೇಟಾ ಕೆಟ್ಟ ಸಲಗಳನ್ನು. ಆ ದಾರಿಯಲ್ಲಿ ಇರುವುದು ಕೇಬಲ್, ಪೋರ್ಟ್, ಕ್ಲಾಕ್, ಕರೆಂಟ್.

ನಿಮ್ಮಲ್ಲಿ ಮೊದಲ ಅನುಮಾನ ಕ್ಲಾಕಿನ ಮೇಲೆ. ನಿಮ್ಮ ಪ್ರೊಸೆಸರಿನ ಪೀಳಿಗೆಯಾದ ಸ್ಯಾಂಡಿ ಬ್ರಿಡ್ಜ್‌ನಲ್ಲಿ ಪ್ರೊಸೆಸರ್, ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡ್‌ಗಳ ದಾರಿ), ಡಿಎಂಐ (ಚಿಪ್‌ಸೆಟ್‌ಗೆ ಹೋಗುವ ದಾರಿ), ಸಾಟಾ (ಡಿಸ್ಕ್‌ಗಳ ದಾರಿ) ಎಲ್ಲಕ್ಕೂ ಒಂದೇ 100 ಮೆಗಾಹರ್ಟ್ಸ್ ಮೂಲ. ಅದನ್ನು 105 ಮಾಡಿದರೆ ಸಾಟಾ ಕೂಡ ಶೇ 5ರಷ್ಟು ಜೋರಾಗಿ ಓಡುತ್ತದೆ. ಡಿಸ್ಕಿಗೋ ಅದರದೇ ಕ್ಲಾಕ್ ಇದೆ, ಅದು ಬದಲಾಗಿರುವುದಿಲ್ಲ. ಸಾಟಾದಲ್ಲಿ ಎರಡು ತುದಿಗಳ ನಡುವೆ ಸಹಿಸುವ ವ್ಯತ್ಯಾಸ ಶೇಕಡಾ ಒಂದಕ್ಕಿಂತಲೂ ಕಡಿಮೆ. ಶೇ 5 ಆದರೆ ಲಿಂಕ್ ಕೆಲವೊಮ್ಮೆ ನಿಂತೀತು, ಕೆಲವೊಮ್ಮೆ ಬಿದ್ದೀತು. ಪ್ರೈಮ್95 ಪ್ರೊಸೆಸರನ್ನೂ ಮೆಮೊರಿಯನ್ನೂ ದುಡಿಸುತ್ತದೆಯೇ ಹೊರತು ಸಾಟಾ ಕಡೆ ತಲೆಹಾಕುವುದಿಲ್ಲ.

ಪರಿಹಾರ ಸುಲಭ. ಬೇಸ್ ಕ್ಲಾಕ್ 100, ಮಲ್ಟಿಪ್ಲೈಯರ್ 45. 4500 ಮೆಗಾಹರ್ಟ್ಸ್ ಸಿಗುತ್ತದೆ, ಕಳೆದುಕೊಳ್ಳುವುದು 15. ಮಲ್ಟಿಪ್ಲೈಯರ್ ಏರಿಸಬಹುದಾದ ಕೆ ಸರಣಿಯ ಪ್ರೊಸೆಸರ್ ಇರುವಾಗ ಬೇಸ್ ಕ್ಲಾಕ್ ಮುಟ್ಟುವ ಅಗತ್ಯವೇ ಇಲ್ಲ. ಮೆಮೊರಿಯೂ 1680ರಿಂದ 1600ಕ್ಕೆ ತಾನಾಗಿ ಇಳಿಯುತ್ತದೆ.

ಬಯಾಸ್‌ನಲ್ಲಿ ಒಂದು ಅಪಾಯವಿದೆ, ಗಮನವಿಟ್ಟು ಓದಿ. ಆ ಎರಡು ಅಂಕಿಗಳನ್ನು ಮಾತ್ರ ಬದಲಿಸಿ, ಲೋಡ್ ಡೀಫಾಲ್ಟ್ಸ್ ಒತ್ತಬೇಡಿ. ಅದನ್ನು ಒತ್ತಿದರೆ, ಸಿಮಾಸ್ (ಬಯಾಸ್ ಸೆಟ್ಟಿಂಗ್‌ಗಳ ನೆನಪು) ತೆರವು ಮಾಡಿದರೆ, ಅಥವಾ ಓವರ್‌ಕ್ಲಾಕ್ ಕೈಕೊಟ್ಟು ಬೋರ್ಡೇ ರೀಸೆಟ್ ಆದರೆ ಸಾಟಾ ಮೋಡ್ ರೇಡ್‌ನಿಂದ ಎಎಚ್‌ಸಿಐಗೆ (ಡಿಸ್ಕ್‌ಗಳನ್ನು ಬಿಡಿಬಿಡಿಯಾಗಿ ನೋಡುವ ಮೋಡ್) ಹೋಗಿಬಿಡಬಹುದು. ಆಗ ಅರೇ ಮಾಯವಾದಂತೆ ಕಾಣುತ್ತದೆ. ಇನಿಶಿಯಲೈಜ್ ಮಾಡಲೇ ಎಂದು ವಿಂಡೋಸ್ ಕೇಳಿದರೆ ರದ್ದು ಮಾಡಿ, ಆಫ್ ಮಾಡಿ, ಬಯಾಸ್‌ನಲ್ಲಿ ಮೋಡನ್ನು ಮತ್ತೆ ರೇಡ್‌ಗೆ ತನ್ನಿ. ಅರೇಯ ವಿವರ ಡಿಸ್ಕ್‌ಗಳ ಕೊನೆಯ ಸೆಕ್ಟರ್‌ಗಳಲ್ಲೇ ಇರುತ್ತದೆ, ಏನೂ ಬರೆಯದಿದ್ದರೆ ಹಾಗೇ ಮರಳುತ್ತದೆ. ಎರಡು ಡಿಸ್ಕ್‌ಗಳಲ್ಲೂ ಒಂದೇ ಪ್ರತಿ ಇಡುವ ರೇಡ್ 1ರಲ್ಲಿ ಇದು ಇನ್ನೂ ಕೆಟ್ಟದ್ದು. ಎಎಚ್‌ಸಿಐಯಲ್ಲಿ ಒಂದೇ ಡಿಸ್ಕಿನಿಂದ ಬೂಟ್ ಆಗಿಬಿಟ್ಟರೆ, ಗೊತ್ತಾಗದಂತೆ ಎರಡು ಪ್ರತಿಗಳೂ ಬೇರೆಬೇರೆಯಾಗುತ್ತವೆ.

100ಕ್ಕೆ ಇಳಿಸಿದ ಮೇಲೆ ಮೊದಲ ಕೆಲಸ ಬ್ಯಾಕಪ್. ಅರೇಯಲ್ಲಿರುವುದನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡುತ್ತ 199ರ ಮೇಲೆ ಕಣ್ಣಿಡಿ. ಆ ಅಂಕಿ ಎಂದೂ ಇಳಿಯುವುದಿಲ್ಲ. 312ರಲ್ಲೇ ನಿಂತರೆ ಕ್ಲಾಕೇ ಕಾರಣ. ಏರುತ್ತಲೇ ಇದ್ದರೆ ಕೇಬಲ್ ಮಾತ್ರ ಬದಲಿಸಿ ನೋಡಿ, ಆಮೇಲೆ ಪೋರ್ಟ್ ಮಾತ್ರ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತೆಂದು ತಿಳಿಯುವುದಿಲ್ಲ. ಬೋರ್ಡಿನ ಚಿಪ್‌ಸೆಟ್ ಬಿ3 ಸ್ಟೆಪ್ಪಿಂಗ್‌ನದೇ (ಚಿಪ್‌ನ ತಿದ್ದಿದ ಆವೃತ್ತಿ) ಎಂದೂ ಖಚಿತಪಡಿಸಿಕೊಳ್ಳಿ. ಬಿ2 ಸ್ಟೆಪ್ಪಿಂಗ್‌ನಲ್ಲಿ 2ರಿಂದ 5ರವರೆಗಿನ ಸಾಟಾ ಪೋರ್ಟ್‌ಗಳು ಕಾಲಕ್ರಮೇಣ ದುರ್ಬಲವಾಗುವ ದೋಷವಿತ್ತು. ಇಂಟೆಲ್ ಅದನ್ನು 2011ರ ಜನವರಿ 31ರಂದು ಪ್ರಕಟಿಸಿ ಬದಲಿ ಚಿಪ್ ಕೊಟ್ಟಿತು. 0 ಮತ್ತು 1 ಪೋರ್ಟ್‌ಗಳಿಗೆ ಆ ತೊಂದರೆ ಇರಲಿಲ್ಲ.

ಇನ್ನೊಬ್ಬರ ಉತ್ತರ

ಮೇಲಿನದಕ್ಕೆ ಮೆಮೊರಿಯ ಮಾತು ಸೇರಿಸುತ್ತೇನೆ. ಚಿಪ್‌ಸೆಟ್ ರೇಡ್‌ನಲ್ಲಿ ಪ್ಯಾರಿಟಿಯನ್ನು (ಹೋದ ಡಿಸ್ಕಿನ ಡೇಟಾ ಮರಳಿ ಪಡೆಯಲು ಬರೆದಿಡುವ ಅಂಕಿಗಳನ್ನು) ಲೆಕ್ಕ ಹಾಕುವುದು ಡ್ರೈವರ್, ಅದೂ ನಿಮ್ಮ ಸಾಮಾನ್ಯ ರ‍್ಯಾಮ್‌ನಲ್ಲಿ. ರ‍್ಯಾಮ್‌ನಲ್ಲಿ ಒಂದು ಬಿಟ್ ತಪ್ಪಿದರೆ, ತಪ್ಪಾದ ಡೇಟಾಗೆ ಸರಿಹೊಂದುವ ಪ್ಯಾರಿಟಿಯೇ ಬರೆಯಲ್ಪಡುತ್ತದೆ. ಎರಡೂ ತಾಳೆಯಾಗುವುದರಿಂದ ಡೇಟಾ, ಪ್ಯಾರಿಟಿ ತಾಳೆ ನೋಡುವ ವೆರಿಫೈಗೂ ಅದು ಸಿಕ್ಕಿಬೀಳುವುದಿಲ್ಲ. ಆದ್ದರಿಂದ ರೀಬಿಲ್ಡ್‌ಗೆ ಮೊದಲು ಮೆಮ್‌ಟೆಸ್ಟ್86 ಕನಿಷ್ಠ ನಾಲ್ಕು ಸುತ್ತು ಓಡಲಿ, ಒಂದು ದೋಷ ಬಂದರೂ ಮುಂದುವರಿಯಬೇಡಿ. ಎಕ್ಸ್‌ಎಂಪಿ (ಮೆಮೊರಿಯ ಸಿದ್ಧ ವೇಗದ ಸೆಟ್ಟಿಂಗ್) ಕೂಡ ಓವರ್‌ಕ್ಲಾಕೇ, ಮರೆಯಬೇಡಿ.

ರೀಬಿಲ್ಡ್ ಮುಗಿದ ಮೇಲೆ ಮೊದಲು ರಿಪೇರಿ ಇಲ್ಲದ ವೆರಿಫೈ ಓಡಿಸಿ. ವ್ಯತ್ಯಾಸ ಕಂಡಾಗ ಡೇಟಾವೇ ಸರಿ ಎಂದು ನಂಬಿ ಪ್ಯಾರಿಟಿಯನ್ನು ತಿದ್ದುವುದು ರಿಪೇರಿಯ ರೀತಿ. ಕೆಟ್ಟಿದ್ದು ಡೇಟಾ ಆಗಿದ್ದರೆ ಉಳಿದಿದ್ದ ಒಂದೇ ಸಾಕ್ಷಿಯೂ ಅಳಿಸಿಹೋಗುತ್ತದೆ.

ಪ್ರಶ್ನೆ ಕೇಳಿದವರು

100 × 45 ಮಾಡಿದೆ. ಬೋರ್ಡ್ ಬಿ3. ಬ್ಯಾಕಪ್ ಪೂರ್ತಿ ಆಯಿತು, 199 ಇನ್ನೂ 312, ಹೊಸ 129 ಒಂದೂ ಇಲ್ಲ. ಮೆಮ್‌ಟೆಸ್ಟ್ ಓಡುತ್ತಿದೆ. ಮುಂದೆ ಎಂಟು ಪೋರ್ಟಿನ ಹಾರ್ಡ್‌ವೇರ್ ರೇಡ್ ಕಾರ್ಡ್ ಹಾಕಿದರೆ ಬೇಸ್ ಕ್ಲಾಕ್ ಏರಿಸಬಹುದೇ?

ಉತ್ತರ

ಬೇಡ. ಕಾರ್ಡಿನಲ್ಲಿ ಡಿಸ್ಕ್ ಕಡೆಗೆ ಕ್ಲಾಕ್ ಕೊಡುವ ಸ್ವಂತ ಕ್ರಿಸ್ಟಲ್ ಇರುತ್ತದೆ, ಆ ಕಡೆ ಸುರಕ್ಷಿತ. ಆದರೆ ಬೋರ್ಡಿನ ಕಡೆ ಅದು ಪಿಸಿಐ ಎಕ್ಸ್‌ಪ್ರೆಸ್‌ನ 100 ಮೆಗಾಹರ್ಟ್ಸ್ ಕ್ಲಾಕನ್ನೇ ನಂಬಿದೆ, ಅದಕ್ಕೆ ನಿಯಮದಲ್ಲಿರುವ ಅವಕಾಶ ಹತ್ತು ಲಕ್ಷಕ್ಕೆ 300 ಭಾಗ, ಅಂದರೆ ಶೇ 0.03. ಗ್ರಾಫಿಕ್ಸ್ ಕಾರ್ಡ್ 105ನ್ನು ಸಹಿಸಿತೆಂದು ರೇಡ್ ಕಾರ್ಡೂ ಸಹಿಸಬೇಕೆಂದಿಲ್ಲ. ಇವೆಂಟ್ ವ್ಯೂವರ್‌ನಲ್ಲಿ ವ್ಹೀಯಾ-ಲಾಗರ್ 17 ಕಾಣಿಸಿದರೆ ಆ ಲಿಂಕ್ ದೋಷ ತಿದ್ದಿಕೊಳ್ಳುತ್ತ ಏದುಸಿರು ಬಿಡುತ್ತಿದೆ ಎಂದೇ ತಿಳಿಯಿರಿ. 2015ರ ಸ್ಕೈಲೇಕ್‌ನಿಂದ ಬೇಸ್ ಕ್ಲಾಕ್ ಪಿಸಿಐ ಎಕ್ಸ್‌ಪ್ರೆಸ್‌ನಿಂದ ಬೇರೆಯಾಯಿತು, ಅಲ್ಲಿ ಈ ತೊಂದರೆ ಇಲ್ಲ.

ಕಾರ್ಡ್ ಹಾಕುವುದಾದರೆ ಬಿಸಿಯೇ ದೊಡ್ಡ ಚಿಂತೆ. ಇವು ಸರ್ವರ್ ಪೆಟ್ಟಿಗೆಯ ಬಿರುಸಾದ ಗಾಳಿಗೆಂದು ತಯಾರಾದವು. ಪ್ರೊಸೆಸರಿಗೆ ವಾಟರ್ ಕೂಲಿಂಗ್ ಇರುವ ಟವರ್‌ನಲ್ಲಿ ಸ್ಲಾಟ್‌ಗಳ ಹತ್ತಿರ ಗಾಳಿಯೇ ಆಡುವುದಿಲ್ಲ. ಹೀಟ್‌ಸಿಂಕ್ ಮೇಲೆ 40 ಮಿಲಿಮೀಟರ್ ಫ್ಯಾನ್ ಕೂರಿಸಿ.

ಹಳೆಯ ಕಾರ್ಡ್ ಹಾಕಿದಾಗ ಕಂಪ್ಯೂಟರ್ ಪೋಸ್ಟೇ ಆಗದಿದ್ದರೆ, ಅಂದರೆ ಆರಂಭವೇ ಆಗದಿದ್ದರೆ, ಎಸ್‌ಎಂಬಸ್ (ಬೋರ್ಡಿನ ಸಣ್ಣ ನಿಯಂತ್ರಣ ಸಾಲು) ಘರ್ಷಣೆ ಇರಬಹುದು. ಕಾರ್ಡಿನ ಬಿ5, ಬಿ6 ಪಿನ್‌ಗಳನ್ನು ಮಾತ್ರ ಸಣ್ಣ ಇನ್ಸುಲೇಶನ್ ಟೇಪಿನಿಂದ ಮುಚ್ಚಿದರೆ ಬಹಳ ಸಲ ಸರಿಹೋಗುತ್ತದೆ.

ಡಿಸ್ಕ್ ಹೆಚ್ಚಾದಾಗ ಪವರ್ ಲೆಕ್ಕವನ್ನೂ ಹಾಕಿ. 3.5 ಇಂಚಿನ ಡಿಸ್ಕ್ ತಿರುಗಲು ಆರಂಭಿಸುವಾಗ 12 ವೋಲ್ಟ್ ಸಾಲಿನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ, ಎಂಟಕ್ಕೆ 16. ಕಾರ್ಡಿನಲ್ಲಿ ಡಿಸ್ಕ್‌ಗಳನ್ನು ಒಂದಾದ ಮೇಲೊಂದು ತಿರುಗಿಸುವ ಸ್ಟ್ಯಾಗರ್ಡ್ ಸ್ಪಿನ್‌ಅಪ್ ಆನ್ ಮಾಡಿ. ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಪೂರ್ತಿ ದುಡಿಯುವಾಗ ಡಿಸ್ಕಿನ ಕನೆಕ್ಟರ್‌ನಲ್ಲೇ ಮಲ್ಟಿಮೀಟರ್ ಇಟ್ಟು ಅಳೆಯಿರಿ. ಹಳದಿ ತಂತಿ (12 ವೋಲ್ಟ್) 11.4 ವೋಲ್ಟ್‌ಗಿಂತ, ಕೆಂಪು (5 ವೋಲ್ಟ್) 4.75ಕ್ಕಿಂತ ಇಳಿಯಕೂಡದು.

ಹೊಸ ಓವರ್‌ಕ್ಲಾಕ್ ಪರೀಕ್ಷಿಸುವ ದಿನಗಳಲ್ಲಿ ಕಾರ್ಡಿನ ಕ್ಯಾಶ್ ರೈಟ್-ಥ್ರೂನಲ್ಲಿರಲಿ, ಅಂದರೆ ಡಿಸ್ಕಿಗೆ ಬರೆದ ಮೇಲಷ್ಟೇ ಬರೆದಾಯಿತು ಎನ್ನಲಿ. ಬ್ಯಾಟರಿ ಇಲ್ಲದ ಕಾರ್ಡ್ ರೈಟ್-ಬ್ಯಾಕ್‌ನಲ್ಲಿದ್ದಾಗ (ಕ್ಯಾಶ್‌ಗೆ ಬಂದೊಡನೆ ಬರೆದಾಯಿತು ಎನ್ನುವ ರೀತಿ), ಸಿಸ್ಟಮ್ ಹ್ಯಾಂಗ್ ಆಗಿ ನೀವು ಪವರ್ ಕಿತ್ತರೆ, ಬರೆದಾಯಿತು ಎಂದು ವಿಂಡೋಸ್‌ಗೆ ಹೇಳಿದ್ದ ಡೇಟಾ ಡಿಸ್ಕಿಗೆ ತಲುಪುವ ಮೊದಲೇ ಹೋಗಿರುತ್ತದೆ.